ದಾಳಿಂಬೆ ಹೂವಿನ ಮೇಲಿನ ಕಪ್ಪೆ

ವಿದ್ಯಾ,

ನಿನಗೆ ಬಹುಮಾನ ತಂದ ಫೋಟೊ ಇವತ್ತಿನ ಪೇಪರಿನಲ್ಲಿದೆ. ಇಂಡಿಯ ನಿಮ್ಮ ತೋಟದ ದಾಳಿಂಬೆ ಹೂವಿನ ಮೇಲೆ ಹೆಬ್ಬೆಟ್ಟಿನಷ್ಟು ಕೆಂಪು ಕಪ್ಪೆ. ಬೆನ್ನಿನ ಪಟ್ಟೆ ನಡುವೆ ತುಂಡಾಗಿದ್ದುದನ್ನು ನೋಡಿಯೇ ಗುರುತಿಸಿದೆ. ದೇವಣಗಾಂವದಲ್ಲಿ ನಾವು ಹಿಂದೆ ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವಿನಲ್ಲಿ ಅದನ್ನು ನಿನಗೆ ತೋರಿಸಿದವಳು ನಾನೇ. ಮುಟ್ಟದೆ, ಅದು ಕೂತಲ್ಲೇ ಫೋಟೊ ತೆಗೆಯಬೇಕೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು. ಹೊರಡುವಾಗ ನೀನು ಬುತ್ತಿಗೆಂದು ನನ್ನ ಡಬ್ಬಿ ಕೇಳಿದೆ. ಅದು ಮರಳಿ ಬಂದಾಗ ತಳದಲ್ಲಿ ಒದ್ದೆ ಮಣ್ಣಿತ್ತು. ಏನೂ ಕೇಳದೆ ತೊಳೆದಿಟ್ಟೆ.

ಈ ಸಲ ಮಳೆ ಬಿದ್ದರೂ ಹಗೇವಿನೊಳಗೆ ಯಾವ ಕಪ್ಪೆಯೂ ಕೂಗಲಿಲ್ಲ.

ಅವ್ವ ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿದಳು: “ಮಣ್ಣಾಗ ಇರೂ ಕಪ್ಪಿನ್ನ ಹೂವಿನ ಮ್ಯಾಲ ಯಾರು ಕುಂದರ್ಸಿದ್ರು?”

“ತಾನ ಏರಿರತೈತಿ ಬೇ,” ಎಂದೆ. “ವಿದ್ಯಾ ಮುಟ್ಟಾಕಿ ಅಲ್ಲ.”