ಫಿಲ್ಮಿನಲ್ಲಿ ಕಾಣದ ನೋವು

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಚೋಟುವಿನ ನಮಸ್ಕಾರ. ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ತಪ್ಪಾಯಿತು. ಬೈಯುವ ಮೊದಲು ಸುದ್ದಿ ಕೇಳು: ನನ್ನ ನೋವಿಗೆ ಕೊನೆಗೂ ಒಂದು ಹೆಸರು ಸಿಕ್ಕಿತು!

ನಿನಗೆ ಗೊತ್ತಲ್ಲ, ಪಾರ್ಲರ್‌ನಲ್ಲಿ ದಿನವಿಡೀ ಕತ್ತರಿ ಹಿಡಿದ ಕೈ ಸಂಜೆಗೆ ಊಟದ ತಟ್ಟೆಯನ್ನೂ ಎತ್ತುತ್ತಿರಲಿಲ್ಲ. ಇಂದು ಭುಜ, ನಾಳೆ ಸೊಂಟ, ನಾಡಿದ್ದು ಮೈಯೆಲ್ಲ. ಇವರೋ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ನಾನು ನರಳಿದಾಗಲೆಲ್ಲ ಕರೆದುಕೊಂಡು ಹೋಗಿ, "ಅಲ್ಲಾಡ್ಬೇಡ" ಎಂದು ಗದರಿ, ಫಿಲ್ಮ್ ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. "ನೋಡು, ಮೂಳೆ ಮುತ್ತಿನ ಹಾಗಿದೆ. ಇಲ್ಲಿ ಕಾಣಲ್ಲ ಅಂದ್ರೆ ಇಲ್ಲ ಅಂತಾನೇ ಅರ್ಥ." ಹೆಂಡತಿಯ ಭುಜವನ್ನು ಇಷ್ಟು ಒಳಹೊಕ್ಕು ನೋಡಿದ ಗಂಡ ಇನ್ನೊಬ್ಬನಿರಲಿಕ್ಕಿಲ್ಲ ಬಿಡು. ಅತ್ತೆಯಂತೂ "ಕೆಲಸ ಕಂಡ್ರೆ ಬರೋ ನೋವದು" ಎಂದು ತೀರ್ಪು ಕೊಟ್ಟಾಗಿತ್ತು. ಕೊನೆಕೊನೆಗೆ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು.

ಹೋದ ತಿಂಗಳು ಅದೇ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದರು. ಫಿಲ್ಮುಗಳ ಕಟ್ಟನ್ನು ಪಕ್ಕಕ್ಕಿಟ್ಟು, "ಇದಿರಲಿ, ನೀವು ಹೇಳಿ" ಅಂದರು. ಹೇಳಿದೆ. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಅಲ್ಲಲ್ಲಿ ಒತ್ತಿ ನೋಡಿದರು, ರಕ್ತಪರೀಕ್ಷೆಯ ವರದಿ ಓದಿದರು, ಆಮೇಲೆ ನಾನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೆಳಗೊಂದು ಮಾರುದ್ದದ ಹೆಸರು ಹಾಕಿದರು.

"ಇದು ಯಾವುದ್ರಲ್ಲಿ ಕಾಣಿಸ್ತು ಡಾಕ್ಟ್ರೇ?" ಎಂದು ಕೇಳಿದೆ.

"ಯಾವುದ್ರಲ್ಲೂ ಕಾಣಲ್ಲಮ್ಮ. ನೀವು ಹೇಳಿದ್ದನ್ನೇ ಬರೆದಿದ್ದೀನಿ. ಯಾಕೆ ಬರುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ನೋವು ನಿಜ, ಕಡಿಮೆ ಮಾಡ್ಕೋಬಹುದು."

"ಕಾರಣಾನೇ ಗೊತ್ತಿಲ್ದೆ ಹೆಸರೇನಕ್ಕೆ?"

ನಕ್ಕುಬಿಟ್ಟರು. "ನಾಲ್ಕು ಜನಕ್ಕೆ ಹೇಳ್ಕೊಳ್ಳೋಕಾದ್ರೂ ಬೇಕಲ್ಲಮ್ಮ."

ಅಕ್ಕ, ಹೊರಗೆ ಬೆಂಚಿನ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ. ಕಾಯಿಲೆ ಇದೆ ಎಂದು ಹೇಳಿಸಿಕೊಂಡು ಇಷ್ಟು ಹಗುರಾದವಳು ನಾನೊಬ್ಬಳೇ ಇರಬೇಕು. ನನ್ನದು ಹುಚ್ಚಲ್ಲ, ಸೋಮಾರಿತನವೂ ಅಲ್ಲ.

ಈಗ ಮನೆಯ ಗಾಳಿಯೇ ಬೇರೆ. ಅತ್ತೆ ಬಂದವರಿಗೆಲ್ಲ ಆ ಹೆಸರನ್ನು ಸೊಸೆಗೆ ಸಿಕ್ಕ ಬಿರುದಿನಂತೆ ಹೇಳುತ್ತಾರೆ. ಇವರು ನೀರಿನ ಬಕೆಟ್ ಮುಟ್ಟಗೊಡುವುದಿಲ್ಲ. ಸಂಜೆ ಬಿಸಿನೀರಿನ ಚೀಲವನ್ನು ತಾವೇ ತುಂಬಿ ತರುತ್ತಾರೆ. ಡಾಕ್ಟರಮ್ಮ ಹೇಳಿದಂತೆ ದಿನಾ ನಡೆಯುತ್ತೇನೆ. ನಿದ್ದೆ ಬರುತ್ತಿದೆ, ಕತ್ತರಿ ಮತ್ತೆ ಮಾತು ಕೇಳುತ್ತಿದೆ. ನೋವು ಪೂರ್ತಿ ಹೋಗಿಲ್ಲ, ಆದರೆ ಅದನ್ನು ಬಚ್ಚಿಟ್ಟುಕೊಂಡು ತಿರುಗುವ ಕಷ್ಟ ತಪ್ಪಿತು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ನೀವೆಲ್ಲ ನೂರು ಕಾಲ ತಣ್ಣಗಿರಿ.

ನಿನ್ನ,
ಚೋಟು

ತಾ.ಕ.: ನಿನ್ನೆ ಇವರು ಡಾಕ್ಟರಮ್ಮನ ಚೀಟಿಯನ್ನು ಮತ್ತೆ ಓದಿ, ಕಣ್ಣು ಒದ್ದೆ ಮಾಡಿಕೊಂಡು, "ಇಷ್ಟೆಲ್ಲ ನೋಯ್ತಿತ್ತಾ? ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದರು. ಅದರಲ್ಲಿದ್ದದ್ದು ನಾನು ನಾಲ್ಕು ವರ್ಷ ಇವರಿಗೇ ಹೇಳಿದ ಮಾತುಗಳು ಅಕ್ಕ. ಬಿಸಿನೀರಿನ ಚೀಲ ತೆಗೆದುಕೊಂಡು ಭುಜಕ್ಕೆ ಒತ್ತಿಕೊಂಡೆ.