ಬಿಚ್ಚಲು ಬಿಡದ ಮುಷ್ಟಿ

ಮಾರ್ಚ್ ೯, ಸೋಮವಾರ

ಲೇ ಇವಳೇ,

ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರಗಿರ ಏನೂ ಇಲ್ಲ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಮುಖ ಊದಿಸಿಕೊಂಡಿರುತ್ತೀಯ. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ ಕಣೆ. ಯಾಕೆ ಅಂತ ಮುಂದೆ ಬರುತ್ತದೆ, ಈಗಲೇ ಗಾಬರಿಯಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಕ್ಕನ ಮನೆಯಲ್ಲಿ ಎಲ್ಲರೂ ಕಿವಿ ಚಾಚಿ ಕೂತಿರುತ್ತಾರೆ.

ನಿಮ್ಮಮ್ಮನ ಕಣ್ಣಿನ ಆಪರೇಷನ್ನಿನ ಪಟ್ಟಿ ಬಿಚ್ಚಿದರಾ? ಹನಿ ಹಾಕುವ ಮೊದಲು ಕೈಗೆ ಸೋಪು ಹಾಕಿ ತೊಳೆದುಕೋ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದಂತೆ. ನಮ್ಮ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವ ಹೆಂಗಸಿನ ಚಿಕ್ಕಮ್ಮನಿಗೆ ಹಾಗೆ ತಾಗಿಯೇ ಕೀವಾಯಿತಂತೆ. ಇದನ್ನು ಅತ್ತೆಗೆ ಹೇಳಬೇಡ. ಇಲ್ಲಿ ನಾನು ಗ್ಯಾಸ್ ಆರಿಸಿ, ಬೀಗ ಹಾಕಿ, ಬೀದಿ ತಿರುವಿನವರೆಗೆ ಹೋಗಿ, ಮತ್ತೆ ವಾಪಸ್ ಬಂದು ನೋಡುತ್ತೇನೆ. ಆರಿಯೇ ಇರುತ್ತದೆ. ಆದರೂ ನೋಡಬೇಕಲ್ಲ.

ಈಗ ನಿನ್ನಣ್ಣನ ವಿಷಯ.

ಅವನ ಟೈರ್ ಅಂಗಡಿಯ ಕಟ್ಟಳೆ ನಿನಗೆ ಗೊತ್ತೇ ಇದೆ. ಒಳಗೆ ಕಾಲಿಟ್ಟವನು ಅವನಿಗೆ ಕೈ ಕೊಟ್ಟು ಅದುಮಬೇಕು, ಇಬ್ಬರಲ್ಲೊಬ್ಬ 'ಸಾಕು' ಅನ್ನುವವರೆಗೆ ಬಿಡುವಂತಿಲ್ಲ. ಅಂದವನು ಸೋತ. ಅಲ್ಲಿ ಸೇರಿದವರಿಗೆಲ್ಲ ಟೀ ಹಂಚುವುದು ಸೋತವನ ಪಾಲು. ನಮ್ಮ ಮದುವೆಯಾದಾಗಿನಿಂದ ನಾನು ಹೋದಾಗಲೆಲ್ಲ ಆ ಟ್ರೇ ನನ್ನ ಕೈಗೇ ಬಂದಿದೆ. ನೀನು ಊರಿಗೆ ಹೊರಡುವ ಮುಂಚಿನ ವಾರ ಏನಾಯಿತು ಅಂತ ನಿನಗೆ ಹೇಳಲಿಲ್ಲ. ಪ್ರಯಾಣದ ಹೊತ್ತಿಗೆ ನಿನ್ನ ತಲೆ ಕೆಡಿಸುವುದು ಬೇಡವೆನ್ನಿಸಿತು.

"ಏನ್ ಟೈಲರೇ, ಊಟ ಮಾಡ್ಕೊಂಡ್ ಬಂದ್ರೋ ಇಲ್ವೋ?" ಅಂತ ಕೈ ಚಾಚಿದ.

"ಭಾವ, ನಾಳೆ ಕೋಟು ಕತ್ತರಿಸೋದಿದೆ, ಸ್ವಲ್ಪ ಮೆಲ್ಲಗೆ."

"ಮೆಲ್ಲಗೇನೇ! ಹೂವಿನ ಥರ ಹಿಡೀತೀನಿ ಬನ್ನಿ."

ಹೂವಂತೆ! ನಾನು 'ಸಾಕು' ಅಂದದ್ದು ರಸ್ತೆಯ ಆಚೆಗೂ ಕೇಳಿಸಿರಬೇಕು. ಅಂದು ನನ್ನ ಗಿರಾಕಿ, ಆ ಕೋಟಿನ ವಕೀಲರು, ಪಂಕ್ಚರ್ ಹಾಕಿಸಲು ಅಲ್ಲೇ ಕೂತಿದ್ದರು. ನಾನು ಟ್ರೇ ಹಿಡಿದು ಅವರ ಮುಂದೆ ಬಗ್ಗಿದಾಗ, "ಓ, ಇವರು ಇಲ್ಲೂ ಕೆಲಸಕ್ಕೆ ಬರ್ತಾರಾ?" ಅಂದರು. ನಿನ್ನಣ್ಣ ಟೈರಿನ ರಾಶಿಯ ಮೇಲೆ ಬಿದ್ದು ಬಿದ್ದು ನಕ್ಕ. ಆ ನಗು ನನ್ನ ಹೊಟ್ಟೆಯೊಳಗೆ ಹೊಲಿಗೆ ಹಾಕಿದ ಹಾಗೆ ಕೂತುಬಿಟ್ಟಿತು. ಅದೇ ಜಾಗದಲ್ಲಿ, ಅಷ್ಟೇ ಜನರ ಮುಂದೆ, ಅವನ ಬಾಯಿಂದ 'ಸಾಕು' ಅನ್ನಿಸದಿದ್ದರೆ ನಾನು ಕತ್ತರಿ ಹಿಡಿಯುವವನೇ ಅಲ್ಲ ಅಂದುಕೊಂಡೆ.

ಆಟದ ಸಾಮಾನಿನ ಅಂಗಡಿಯಿಂದ ಕೈಯಲ್ಲಿ ಅದುಮುವ ಸ್ಪ್ರಿಂಗು ತಂದೆ. ಎರಡು ಹಿಡಿ, ತುದಿಯಲ್ಲಿ ಒಂದು ಸುರುಳಿ, ನೋಡಲು ಮಕ್ಕಳ ಆಟಿಕೆ. ಆದರೆ ಪ್ರಾಣ ಬಿಟ್ಟು ಅದುಮಿದರೂ ಎರಡು ಹಿಡಿಯ ನಡುವೆ ಕೋಟಿನ ಗುಂಡಿ ಅಡ್ಡಡ್ಡ ತೂರುವಷ್ಟು ಜಾಗ ಉಳಿಯುತ್ತಿತ್ತು. ಮೇಲಿನ ಮಹಡಿಯ ಜಿಮ್ ಮಾಸ್ತರನ್ನು ಹೋಗಿ ಕೇಳಿದೆ.

"ನೆಗೆಟಿವ್ ಮಾಡಿ ಸಾರ್," ಅಂದ. "ಎರಡೂ ಕೈಲಿ ಪೂರ್ತಿ ಮುಚ್ಚಿ. ಆಮೇಲೆ ಒಂದು ಕೈ ತೆಗೀರಿ. ಅದು ತೆರ್ಕೊಳ್ಳೋಕೆ ನೋಡುತ್ತೆ. ನೀವು ಬಿಡಬೇಡಿ. ಬಿಟ್ರೂ ಜಗಳ ಆಡ್ತಾ ಆಡ್ತಾ ಬಿಡಿ."

"ಮುಚ್ಚೋಕೇ ಬರದವನು ಬಿಚ್ಚೋದು ಕಲಿತು ಏನ್ ಮಾಡ್ಲಪ್ಪಾ?"

ಅಲ್ಲೇ ನಿಂತಿದ್ದ, ಕೆಳಗಿನ ಗೋದಾಮಿನ ಮೂಟೆ ಹೊರುವವನೂ ನನ್ನ ಮಾತಿಗೇ ಹೂಂಗುಟ್ಟಿದ. "ಮೆಟ್ಟಿಲು ಇಳಿದೂ ಇಳಿದೂ ಮಹಡಿ ಹತ್ತಿದವರು ಉಂಟಾ? ಅದುಮೋ ಶಕ್ತಿ ಬೇಕಂದ್ರೆ ಅದುಮಿ ಸ್ವಾಮಿ!" ಅಂದ.

ಮಾಸ್ತರ ಬಿಡಲಿಲ್ಲ. "ನೀನು ಮೂಟೆ ಎತ್ತುವಾಗ ಸೊಂಟ ಹಿಡಿಯುತ್ತೋ, ನಿಧಾನಕ್ಕೆ ಇಳಿಸುವಾಗ್ಲೋ?"

ಮೂಟೆಯವನು ತಲೆ ಕೆರೆದುಕೊಂಡ. "ಇಳಿಸುವಾಗ್ಲೇ. ಅದಕ್ಕೇ ನಾನು ದೊಪ್ ಅಂತ ಎತ್ತಿ ಹಾಕೋದು."

ಸರಿ, ಶುರು ಮಾಡಿದೆ. ಅದರಿಂದ ನಾನು ಪಟ್ಟ ಪಾಡು ಬರೆದರೆ ನೀನು ಬೈಯುತ್ತೀಯ. ಮೊಣಕೈವರೆಗೆ ಕಲ್ಲು ಕಟ್ಟಿದ ಹಾಗೆ ನೋವು. ಸೂಜಿಗೆ ದಾರ ಪೋಣಿಸಲು ಕಾಜಾ ಹೆಂಗಸನ್ನು ಕರೆಯಬೇಕಾಯಿತು. ಒಬ್ಬರ ಪ್ಯಾಂಟಿನ ಕಾಲು ಮೊಟಕಾಯಿತು, ಅದನ್ನು ಅವರ ಮೊಮ್ಮಗನಿಗೆ ಹೊಂದಿಸಿಕೊಟ್ಟೆ. ನರ ಪಟ್ಟನೆ ಹರಿದರೆ ಏನು ಗತಿ, ಕೈ ಹೀಗೇ ಸೇದಿಕೊಂಡುಬಿಟ್ಟರೆ ನಿನಗೆ ಯಾರು ದಿಕ್ಕು ಅಂತ ನಿದ್ದೆ ಬರುತ್ತಿರಲಿಲ್ಲ. ಮಾಸ್ತರ, "ದಿನಾ ಮಾಡ್ಬೇಡಿ, ಮಧ್ಯೆ ಬಿಡುವು ಕೊಡಿ, ಕೈ ಕೆಡುತ್ತೆ" ಅಂತ ಗದರಿದ. ನಾನು ಅವನಿಗೆ ಹೂಂ ಅಂದು ದಿನವೂ ಮಾಡಿದೆ. ಸ್ಪ್ರಿಂಗು ತೆರೆದುಕೊಳ್ಳಲು ಒದ್ದಾಡುವಾಗ ಅದಕ್ಕೆ ನಿನ್ನಣ್ಣನ ಮುಖ ಬರುತ್ತಿತ್ತು. ಎಲ್ಲಿಗೆ ಹೋಗ್ತೀಯೋ, ಇರು, ಅನ್ನುತ್ತಿದ್ದೆ. ಅಷ್ಟು ಸುಖ ನನಗೆ ಈಚೆಗೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಇದರಿಂದ ಅದುಮುವ ಶಕ್ತಿ ಬಂತಾ ಅಂತ ಕೇಳಿದರೆ, ಬಂತು, ಅಷ್ಟಿಷ್ಟು. ಕೋಟಿನ ಗುಂಡಿಯ ಜಾಗ ಹೋಗಿ ಅಂಗಿಯ ಗುಂಡಿಯ ಜಾಗ ಉಳಿಯಿತು. ಪೂರ್ತಿ ಮುಚ್ಚಲು ಕಡೆಗೂ ಆಗಲಿಲ್ಲ. ಮಾಸ್ತರನ ಹತ್ತಿರ ಗೋಳಾಡಿಕೊಂಡರೆ, "ನೆಗೆಟಿವ್ ಅರ್ಧ ದಾರಿ ಸಾರ್, ಮುಚ್ಚೋದನ್ನೂ ಮಾಡ್ಬೇಕಿತ್ತು" ಅಂದ. ಮೊದಲೇ ಹೇಳಬಾರದಿತ್ತೇ ಪುಣ್ಯಾತ್ಮ! ಅಷ್ಟರಲ್ಲಿ ನಿನ್ನಣ್ಣನ ಕಡೆಯಿಂದ ಕರೆ ಬಂದಿತ್ತು. ಚಕ್ರ ಕಳಚುವ ಹೊಸ ಮಷಿನ್ ತಂದಿದ್ದ, ಭಾನುವಾರ ಎಲ್ಲರೂ ಬರಬೇಕಂತೆ.

ನಿನ್ನೆ ಹೋದೆ. ಅಂಗಡಿ ತುಂಬ ಜನ. ವಕೀಲರೂ ಇದ್ದರು, ನಾನು ಹೊಲಿದ ಕೋಟಿನಲ್ಲೇ.

"ಬಂದ್ರಪ್ಪಾ ನಮ್ಮ ಟೀ ಸಾಹೇಬ್ರು!" ಅಂತ ನಿನ್ನಣ್ಣ ಕೈ ಚಾಚಿದ.

ಹಿಡಿದ. ಅವನು ಅದುಮಿದ, ನಾನೂ ಅದುಮಿದೆ. ಸುಳ್ಳು ಯಾಕೆ ಹೇಳಲಿ, ನನ್ನ ಅದುಮು ಅವನಿಗೆ ಸೊಳ್ಳೆ ಕಡಿದ ಹಾಗೆ. ಕಣ್ಣಲ್ಲಿ ನೀರು ಬಂತು. ತುಟಿ ಕಚ್ಚಿ ನಿಂತೆ. ಅವನು ಇನ್ನೂ ಅದುಮಿದ, ಇನ್ನೂ. ಆಮೇಲೆ ಎಂಥ ಗೂಳಿಗಾದರೂ ಉಸಿರು ಕಟ್ಟುತ್ತದಲ್ಲ, ಅವನ ಬೆರಳು ಒಂದು ಕ್ಷಣ ಸಡಿಲವಾಯಿತು. ಬೇರೆ ಕಡೆಯಿಂದ ಹಿಡಿಯೋಣವೆಂದು ಕೈ ಸರಿಸಲು ಹೋದ.

ಸರಿಯಲಿಲ್ಲ. ಸ್ಪ್ರಿಂಗು ತೆರೆದುಕೊಳ್ಳುತ್ತಿದೆ ಅಂತಲೇ ನನ್ನ ಬೆರಳು ತಿಳಿದುಕೊಂಡವು ಕಣೆ. ಅವನು ಜಗ್ಗಿದ ಹಾಗೆ ನನ್ನ ಕೈ ಬಿಗಿಯಿತು. ಅದುಮಲು ಬಾರದ ಕೈಗೆ ಬಿಡದಿರಲು ಬರುತ್ತಿತ್ತು.

"ಏಯ್, ಬಿಡ್ರೀ."

"ಕಟ್ಟಳೆ ನಿಮ್ಮದೇ ಅಲ್ವಾ ಭಾವ."

"ಬಿಡೋ ಅಂದ್ರೆ! ಮಷಿನ್ ತೋರಿಸ್ಬೇಕು, ಜನ ಕಾಯ್ತಿದಾರೆ."

"ತೋರ್ಸಿ. ನಾನೂ ಜೊತೇಲೇ ಬರ್ತೀನಿ."

ಬಂದೆ ಕೂಡ. ಅವನು ಎಡಗೈಯಲ್ಲಿ ಮಷಿನ್ ತೋರಿಸುತ್ತ ಅಂಗಡಿಯೆಲ್ಲ ತಿರುಗಿದ, ನಾನು ಮದುಮಗಳ ಹಾಗೆ ಅವನ ಬಲಗೈ ಹಿಡಿದು ಹಿಂದೆ ಹಿಂದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿನ್ನಣ್ಣನ ಕಿವಿ ಕೆಂಪಾಗಿತ್ತು. ವಕೀಲರು, "ಹೇಳ್ಬಿಡಪ್ಪಾ, ಒಂದು ಮಾತು ತಾನೇ" ಅಂದರು. ಕೊನೆಗೆ ಗೋಡೆಯ ಕಡೆ ತಿರುಗಿಕೊಂಡು ಗೊಣಗಿದ. ನಾನು, "ಕೇಳಿಸ್ಲಿಲ್ಲ ಭಾವ" ಅಂದೆ. ಗಟ್ಟಿಯಾಗಿ ಹೇಳಿದ. ಆಮೇಲೂ ನನ್ನ ಬೆರಳನ್ನು ನಾನೇ ಎಡಗೈಯಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಟ್ರೇ ಹಿಡಿದು ಬಂದ. ನಾನು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ" ಅಂದೆ. ಹೋಗಿ ಹಾಕಿಕೊಂಡು ಬಂದ. ಪಾಪ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೋ ಏನೋ.

ನಿನ್ನ ಆರೋಗ್ಯ ನೋಡಿಕೋ. ಬಸ್ಸಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಬೇಡ. ಅತ್ತೆಗೆ ನಮಸ್ಕಾರ ತಿಳಿಸು, ಅವರ ಕಣ್ಣು ಬೇಗ ತಿಳಿಯಾಗಲಿ. ನಿಮ್ಮಕ್ಕನ ಮಕ್ಕಳು ನೂರು ಕಾಲ ಬಾಳಲಿ.

ಇಂತಿ ನಿನ್ನ
ಇವರು

ಮತ್ತೆ: ಬರೆಯಬಾರದು ಅಂದುಕೊಂಡಿದ್ದೆ. ಎರಡನೇ ಸಲ ಲೋಟ ಕೊಡುವಾಗ ನಿನ್ನಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, "ಕಿರುಬೆರಳು ವಾಸಿ ಆಯ್ತಾ? ಅದರ ಬುಡ ಅದುಮಿದ್ರೆ ಅಳ್ತಾರೆ ಅಂದಿದ್ಲಲ್ಲ ನಿಮ್ಮನೆಯವ್ಳು" ಅಂದ. ಅಷ್ಟು ಸಲವೂ ಅವನ ಹೆಬ್ಬೆರಳು ಅದೇ ಗೆಣ್ಣನ್ನು ಹುಡುಕಿಕೊಂಡು ಬರುತ್ತಿದ್ದುದು ಯಾಕೆ ಅಂತ ಆಗ ತಿಳಿಯಿತು. ಅದು ಮೇಷ್ಟ್ರು ಅಡಿಪಟ್ಟಿಯಲ್ಲಿ ಮುರಿದ ಬೆರಳು, ಅದಕ್ಕೇ ನಾನು ಶಾಲೆ ಬಿಟ್ಟದ್ದು. ನನ್ನ ತಾಯಿಗೂ ಬಿದ್ದೆ ಅಂತಲೇ ಹೇಳಿದ್ದೆ. ನಿಜ ಹೇಳಿದ್ದು ನಿನಗೊಬ್ಬಳಿಗೇ, ದೀಪ ಆರಿಸಿದ ಮೇಲೆ. ನೀನು ಅವನಿಗೆ ಹೇಳುವಾಗ ನಗುತ್ತಿದ್ದೆಯಾ? ಬೇಡ, ಉತ್ತರ ಬರೆಯಬೇಡ. ನೀನು ವಾಪಸ್ ಬರುವ ದಿನ ಬಸ್ ಸ್ಟ್ಯಾಂಡಿಗೆ ಹೊತ್ತಿಗೆ ಮುಂಚೆಯೇ ಬಂದು ನಿಂತಿರುತ್ತೇನೆ. ಚೀಲ ಕೊಡು, ಹೊರುತ್ತೇನೆ. ಕೈ ಚಾಚಬೇಡ.