ಮೊರದ ಹಿಂದಿನ ಕವಡೆ

ದೇವನೂರು, 2006

ಸೋಮು,

ನಿನ್ನ ಮೇಲೆ ಕೆಟ್ಟ ಕೋಪ ಬಂದಿದೆ. ನಮ್ಮ ಕತೆಯ ಆಟದಲ್ಲಿ "ಬರೀ ಪಾತ್ರ ಆಗಿ ಆಡಿದ್ದು ಸಾಕು ಕಣ್ಲಾ, ಒಂದ್ಸಲ ನೀನೇ ಕತೆ ನಡ್ಸು, ಏನೂ ಕಷ್ಟ ಇಲ್ಲ" ಎಂದು ವರ್ಷಗಟ್ಟಲೆ ನನ್ನ ತಲೆ ತಿಂದವನು ನೀನು. ಈ ಭಾನುವಾರ ನಿಮ್ಮ ಮನೆಯ ಜಗಲಿಯಲ್ಲೇ ನಡೆಸಿದೆ. ನಿನ್ನ ಹಾಗೆಯೇ ಮೊರವನ್ನು ಅಡ್ಡ ನಿಲ್ಲಿಸಿಕೊಂಡು, ಯಾರಿಗೂ ಕಾಣದಂತೆ ಅದರ ಹಿಂದೆ ಪಾತ್ರಗಳ ಗತಿ ಹೇಳುವ ಕವಡೆ ಹಾಕಿದೆ.

ನಿನ್ನ ತಂಗಿ ಕವನಳ ಪಾತ್ರ ಕಪಿಲೆಯ ಸುಳಿಗೆ ಸಿಕ್ಕಿತ್ತು. ಕವಡೆಯೆಲ್ಲ ಬೋರಲು ಬಿದ್ದರೆ ಸಾವು ಎಂಬುದು ನೀನೇ ಮಾಡಿದ ನಿಯಮ. ಎಲ್ಲವೂ ಬೋರಲೇ ಬಿದ್ದವು. ಬಿದ್ದದ್ದನ್ನು ಬಿದ್ದ ಹಾಗೆಯೇ ಹೇಳಿದೆ.

"ನಮ್ಮಣ್ಣ ನಡ್ಸ್ವಾಗ ಯಾರೂ ಸಾಯ್ತಾನೇ ಇರ್ಲಿಲ್ಲ" ಎಂದು ಎದ್ದು ಒಳಗೆ ಹೋದಳು.

ಆಗ ಹೊಳೆಯಿತು. ನಿನಗೂ ಎಷ್ಟೋ ಸಲ ಹಾಗೆ ಬಿದ್ದಿರಬೇಕು. ಮೊರದ ಹಿಂದೆ ಕೂತು ಸುಳ್ಳು ಹೇಳಿ ನಮ್ಮನ್ನೆಲ್ಲ ಬದುಕಿಸಿದ್ದೀಯ, ಕಳ್ಳ ನನ್ನ ಮಗನೆ. ನಿಯಮವನ್ನೆಲ್ಲ ಬಾಯಿಪಾಠ ಮಾಡಿಸಿದವನು ಇದೊಂದನ್ನು ಯಾಕೆ ಹೇಳಿಕೊಡಲಿಲ್ಲ?

ನರಸೀಪುರದ ರಸ್ತೆಯಲ್ಲಿ ನಿನ್ನ ಬೈಕಿಗೆ ಲಾರಿ ಬಡಿದ ದಿನ, ಡಾಕ್ಟರು ಹೊರಗೆ ಬಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿಬಿಟ್ಟರು.